ಹಣ್ಣಿನ ರಸ, ಷರಬತ್ತು, ಸಹಜ ಬಣ್ಣದ ಪಾನೀಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಪುಣೆ, ಗೋವಾದಲ್ಲಿ ಜ್ಯೂಸ್ ಸೆಂಟರ್ ನಡೆಸುವ ಕನ್ನಡಿಗರು, ಉಡುಪಿ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುವವರು, ಮನೆಯಲ್ಲೇ ಪುನರ್ಪುಳಿ ಷರಬತ್ತು ಮಾಡಿ ಬಾಟಲಿ ಲೆಕ್ಕದಲ್ಲಿ ಮಾರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಬಣ್ಣ ಹೋಯಿತು, ರಸ ಕಹಿಯಾಯಿತು, ತಳ ಕಟ್ಟಿತು, ಬಾಟಲಿ ಉಬ್ಬಿತು. ಇವಕ್ಕೆಲ್ಲ ಬಹುಪಾಲು ಕಾರಣ ಹುಳಿ, ಗಾಳಿ, ಬಿಸಿ, ಬೆಳಕು ಈ ನಾಲ್ಕರಲ್ಲೇ ಸಿಗುತ್ತದೆ. ಇವನ್ನು ಹತೋಟಿಯಲ್ಲಿಟ್ಟರೆ ಹೊರಗಿನಿಂದ ಬಣ್ಣ ಹಾಕುವ ಪ್ರಮೇಯ ತೀರಾ ಅಪರೂಪ.

ಕೋಕಂ ಷರಬತ್ತು ಮಾಡಿದಾಗ ಒಳ್ಳೆಯ ಕೆಂಪು ಇರುತ್ತದೆ. ಎರಡು ತಿಂಗಳಾಗುವಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಏಕೆ?

ಊರ ಕಡೆ ಪುನರ್ಪುಳಿ ಅಥವಾ ಮುರುಗಲು ಎನ್ನುವ ಈ ಹಣ್ಣಿನ ಸಿಪ್ಪೆಯಲ್ಲಿರುವ ಕೆಂಪು ಆಂಥೋಸಯಾನಿನ್ ಜಾತಿಯದು. ಮುಖ್ಯವಾಗಿ ಸಯಾನಿಡಿನ್‌ನ ಎರಡು ರೂಪಗಳು. ಪಿಎಚ್ ಎಂದರೆ ಹುಳಿಯ ಅಳತೆ, ಅಂಕೆ ಇಳಿದಷ್ಟು ಹುಳಿ ಹೆಚ್ಚು. ಪಿಎಚ್ 3ಕ್ಕಿಂತ ಕೆಳಗೆ ಇವು ಕಡು ಕೆಂಪು, 4 ದಾಟಿದರೆ ಪೇಲವ, 6–7ರ ಹೊತ್ತಿಗೆ ನೀಲಿ ಛಾಯೆ. ಕೋಕಂ ರಸ ತಾನೇ ಬಹಳ ಹುಳಿ, ಪಿಎಚ್ 2ರ ಆಸುಪಾಸು. ಹಾಗಾಗಿ ಇಲ್ಲಿ ಹುಳಿ ಸಾಲದೆ ಬಣ್ಣ ಹೋಗುವುದು ಕಡಿಮೆ. ಬಣ್ಣ ತೆಗೆಯುವುದು ಬಿಸಿ, ಗಾಳಿ ಮತ್ತು ಬೆಳಕು.

ಸಿಪ್ಪೆಯನ್ನು ಸಕ್ಕರೆ ಪಾಕದಲ್ಲಿ ಹಾಕಿ ಅರ್ಧ ಗಂಟೆ ಕುದಿಸುವುದೇ ಹೆಚ್ಚಿನವರು ಮಾಡುವ ತಪ್ಪು. ಆ ಬಿಸಿಯಲ್ಲಿ ಬಣ್ಣದ ಕಣ ಒಡೆಯುತ್ತದೆ. ಜೊತೆಗೆ ಹುಳಿಯಲ್ಲಿ ಬೆಂದ ಸಕ್ಕರೆಯಿಂದ ಹುಟ್ಟುವ ಫರ್ಫ್ಯುರಾಲ್ ಜಾತಿಯ ವಸ್ತುಗಳು ಉಳಿದ ಬಣ್ಣವನ್ನೂ ಕಂದಾಗಿಸುತ್ತವೆ. ಆ ದಿನ ಕಣ್ಣಿಗೆ ಕಾಣದ ಹಾನಿ ಬಾಟಲಿಯೊಳಗೆ ವಾರಗಟ್ಟಲೆ ಮುಂದುವರಿಯುತ್ತದೆ. ಕುದಿಸದೆ ಮಾಡುವ ಕ್ರಮ ಹೀಗಿದೆ:

ಚೆನ್ನಾಗಿ ಮಾಗಿದ, ಕಡು ನೇರಳೆಗೆ ತಿರುಗಿದ ಹಣ್ಣು ಆರಿಸಿ. ಕೊಂಕಣದಲ್ಲಿ ಏಪ್ರಿಲ್‌ನಿಂದ ಮಳೆ ಹಿಡಿಯುವವರೆಗೆ ಸಿಗುತ್ತದೆ. ಮಳೆ ಬಿದ್ದ ಮೇಲೆ ಕೊಯ್ದ ಹಣ್ಣಿನಲ್ಲಿ ನೀರು ಹೆಚ್ಚು, ಬೂಸ್ಟು ಬೇಗ. ತೊಳೆದು, ನೀರಾರಿಸಿ, ಎರಡು ಹೋಳು ಮಾಡಿ ಬೀಜ ತೆಗೆಯಿರಿ. ಬೀಜ ಎಸೆಯಬೇಡಿ, ಒಣಗಿಸಿದರೆ ಮುರುಗಲು ತುಪ್ಪಕ್ಕಾಗುತ್ತದೆ. 1 ಕಿಲೋ ಸಿಪ್ಪೆಗೆ 2 ಕಿಲೋ ಸಕ್ಕರೆ. ಗಾಜಿನ ಅಥವಾ ಪಿಂಗಾಣಿ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ. ಮೇಲಿನ ಪದರ ಸಕ್ಕರೆಯದೇ ಇರಲಿ. ದಿನಕ್ಕೆರಡು ಸಲ ಒಣ ಸೌಟಿನಿಂದ ತಿರುವಿ. 5ರಿಂದ 7 ದಿನದಲ್ಲಿ ಸಕ್ಕರೆ ಸಿಪ್ಪೆಯ ರಸ ಎಳೆದುಕೊಂಡು ಕರಗುತ್ತದೆ. ನೈಲಾನ್ ಬಟ್ಟೆಯಲ್ಲಿ ಹಿಂಡದೆ ಸೋಸಿ. ಸಕ್ಕರೆಯಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 65ರಿಂದ 68 ಬ್ರಿಕ್ಸ್ (ನೂರು ಗ್ರಾಂನಲ್ಲಿ ಅಷ್ಟು ಗ್ರಾಂ ಸಕ್ಕರೆ) ಬರಬೇಕು. ಕಡಿಮೆಯಿದ್ದರೆ ಇನ್ನಷ್ಟು ಸಕ್ಕರೆ ಹಾಕಿ ಕರಗಿಸಿ. 70 ದಾಟಿಸಬೇಡಿ, ಫ್ರಿಜ್ಜಿನಲ್ಲಿ ಸಕ್ಕರೆ ಹರಳುಗಟ್ಟುತ್ತದೆ.

ಭರಣಿಯನ್ನು ಬಿಸಿಲಿಗಿಡುವುದು ರೂಢಿ. ಬಿಸಿಲಿನಲ್ಲಿ ಸಕ್ಕರೆ ಬೇಗ ಕರಗುತ್ತದೆ ನಿಜ, ಬಣ್ಣವೂ ಅಷ್ಟೇ ಬೇಗ ಸುಡುತ್ತದೆ. ನೆರಳಲ್ಲಿಟ್ಟು ಎರಡು ದಿನ ಹೆಚ್ಚು ಕಾಯುವುದೇ ಮೇಲು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಸೋಸಿದ ಷರಬತ್ತನ್ನು ಕಂದು ಗಾಜಿನ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿ. ಮೇಲೆ ಬಿಟ್ಟ ಜಾಗದಲ್ಲಿರುವ ಗಾಳಿಯೇ ಮುಂದೆ ಬಣ್ಣ ತಿನ್ನುವುದು.

ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ. ಕೋಕಂಗೆ ವಿಟಮಿನ್ ಸಿ ಪುಡಿ ಅಥವಾ ನಿಂಬೆರಸ ಹಾಕಿದರೆ ಬಣ್ಣ ಉಳಿಯುತ್ತದೆಂದು ನಂಬಿದ್ದಾರೆ. ಸೇಬು, ಸೀಬೆಗೆ ಆ ಮಾತು ಸರಿ. ಆಂಥೋಸಯಾನಿನ್ ಇರುವ ಕೋಕಂ, ದಾಳಿಂಬೆ, ನೇರಳೆ, ಸ್ಟ್ರಾಬೆರಿಗೆ ತದ್ವಿರುದ್ಧ: ವಿಟಮಿನ್ ಸಿ ಮತ್ತು ಈ ಕೆಂಪು ಗಾಳಿಯ ಸಮ್ಮುಖದಲ್ಲಿ ಒಂದನ್ನೊಂದು ಹಾಳುಮಾಡುತ್ತವೆ. ಹುಳಿ ಬೇಕಿದ್ದರೆ ಸಿಟ್ರಿಕ್ ಆಮ್ಲ ಹಾಕಿ.

ಪಾತ್ರೆ ಯಾವುದಾದರೂ ನಡೆಯುತ್ತದೆಯೇ?

ನಡೆಯುವುದಿಲ್ಲ. ಅಲ್ಯೂಮಿನಿಯಂ, ಕಬ್ಬಿಣ, ಕಲಾಯಿ ಹೋದ ಹಿತ್ತಾಳೆ, ತಾಮ್ರ ಯಾವುದೂ ಬೇಡ. ಹುಳಿ ಲೋಹವನ್ನು ಕರಗಿಸುತ್ತದೆ. ಕರಗಿದ ಲೋಹ ಆಂಥೋಸಯಾನಿನ್ ಜೊತೆ ಸೇರಿ ಕೆಂಪನ್ನು ನೀಲಿ-ನೇರಳೆಗೆ ಎಳೆಯುತ್ತದೆ. ನೆಲ್ಲಿಕಾಯಿಯನ್ನು ಕಬ್ಬಿಣದ ಚಾಕುವಿನಲ್ಲಿ ಹೆಚ್ಚಿದರೆ ಹೋಳಿನ ಅಂಚು ಕಪ್ಪಾಗುವುದೂ ಇದೇ ಕಾರಣಕ್ಕೆ, ಅಲ್ಲಿ ಕಬ್ಬಿಣ ಸೇರುವುದು ಒಗರಿನ ಟ್ಯಾನಿನ್ ಜೊತೆ. 304 ದರ್ಜೆಯ ಸ್ಟೀಲ್, ಗಾಜು, ಆಹಾರ ದರ್ಜೆಯ ಪ್ಲಾಸ್ಟಿಕ್ ಇರಲಿ. ಮಿಕ್ಸಿ ಬ್ಲೇಡಿನ ಬುಡದಲ್ಲಿ ತುಕ್ಕು ಹಿಡಿದಿದೆಯೇ ಎಂದೂ ನೋಡಿ.

ಒಣ ಸಿಪ್ಪೆಯಿಂದ ಮಾಡಿದರೆ ಬಣ್ಣ ಕಡಿಮೆ, ಉಪ್ಪು ಹೆಚ್ಚು. ಸರಿಪಡಿಸುವುದು ಹೇಗೆ?

ಮಾಪ್ಸಾದ ಶುಕ್ರವಾರದ ಸಂತೆಯಲ್ಲಾಗಲಿ ಮುಂಬೈ ಅಂಗಡಿಯಲ್ಲಾಗಲಿ ಸಿಗುವ ಸೋಲ್ ಎಂದರೆ ರಸದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿದ ಸಿಪ್ಪೆ, ಅದಕ್ಕೆ ಉಪ್ಪು ಹಾಕಿರುವುದು ಸಾಮಾನ್ಯ. ಕೊಳ್ಳುವಾಗ ಮಡಿಸಿ ನೋಡಿ: ಮೆತ್ತಗೆ ಬಾಗಿ, ಒಳಭಾಗ ಕಪ್ಪುಗೆಂಪಾಗಿದ್ದರೆ ಈ ವರ್ಷದ್ದು. ಪಟಕ್ಕನೆ ಮುರಿದು ಒಳಗೆ ಮಣ್ಣುಬಣ್ಣ ಕಂಡರೆ ಹಳೆಯದು, ಎಷ್ಟು ನೆನೆಹಾಕಿದರೂ ಕೆಂಪು ಬರುವುದಿಲ್ಲ. 100 ಗ್ರಾಂ ಸೋಲನ್ನು 500 ಮಿಲಿ ಉಗುರುಬೆಚ್ಚಗಿನ ನೀರಿನಲ್ಲಿ, ಅಂದರೆ 50 ಡಿಗ್ರಿ ಮೀರದಂತೆ, 2–3 ಗಂಟೆ ನೆನೆಸಿ ಸೋಸಿ. ಅದೇ ಸಿಪ್ಪೆಗೆ ಮತ್ತೆ 300 ಮಿಲಿ ನೀರು ಹಾಕಿ ಇನ್ನೊಮ್ಮೆ ತೆಗೆಯಿರಿ. ಎರಡನ್ನೂ ಸೇರಿಸಿ.

ರಿಫ್ರಾಕ್ಟೋಮೀಟರ್ ಉಪ್ಪನ್ನೂ ಸಕ್ಕರೆಯೆಂದೇ ಲೆಕ್ಕ ಹಿಡಿಯುತ್ತದೆ. ಸೋಲ್ ನೀರಿನ ಬ್ರಿಕ್ಸನ್ನು ಮೊದಲೇ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಮೀಟರ್ 65 ತೋರಿಸುತ್ತಿದ್ದರೂ ಸಕ್ಕರೆ ಅಷ್ಟಿರುವುದಿಲ್ಲ.

ಪೇಟೆಯಲ್ಲಿ ಕೊಂಡ ಕೋಕಂ ಸಿರಪ್ಪಿಗೆ ಕೃತಕ ಬಣ್ಣ ಹಾಕಿದ್ದಾರೆಯೇ ಎಂದು ಮನೆಯಲ್ಲೇ ತಿಳಿಯಬಹುದೇ?

ಒಂದು ಮಟ್ಟಿಗೆ ತಿಳಿಯಬಹುದು. ಬಿಳಿ ಬಟ್ಟಲಿನಲ್ಲಿ ಒಂದು ಚಮಚ ಸಿರಪ್, ನಾಲ್ಕು ಚಮಚ ನೀರು. ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಹಾಕಿ ಕದಡಿ. ಮೊದಲು ನೊರೆ ಉಕ್ಕುತ್ತದೆ, ಹುಳಿ ತೀರುತ್ತ ಬಂದಂತೆ ನೊರೆ ನಿಲ್ಲುತ್ತದೆ. ಆಗ ಬಣ್ಣ ನೋಡಿ. ಅಸಲಿ ಕೋಕಂ ಕೆಂಪು ಬಿಟ್ಟು ನೇರಳೆ, ಆಮೇಲೆ ಬೂದು-ನೀಲಿ ಅಥವಾ ಹಸಿರು ಛಾಯೆಗೆ ಬರುತ್ತದೆ. ಕಾರ್ಮೊಯ್ಸಿನ್, ಪೊನ್ಸೊ 4ಆರ್ ಥರದ ಕೃತಕ ಕೆಂಪು ಹಾಕಿದ್ದರೆ ಕೆಂಪು ಕದಲುವುದಿಲ್ಲ. ಬೀಟ್‌ರೂಟ್ ಬೆರೆಸಿದ್ದರೂ ಕೆಂಪು-ಗುಲಾಬಿ ಬಹುಮಟ್ಟಿಗೆ ಉಳಿಯುವುದರಿಂದ ಇದೊಂದನ್ನೇ ನಂಬಿ ಯಾರ ಮೇಲೂ ದೂರು ಹೊರಿಸಬೇಡಿ. ಖಚಿತ ಉತ್ತರ ಪ್ರಯೋಗಾಲಯದ್ದೇ. ನಿಮ್ಮ ಮಾಲಿನ ಮೇಲೆ ಗಿರಾಕಿಗೆ ಅನುಮಾನ ಬಂದರೆ ಇದನ್ನು ಎದುರಿಗೇ ಮಾಡಿ ತೋರಿಸಬಹುದು.

ಸೋಲ್‌ಕಢಿ ಒಡೆಯುತ್ತದೆ, ಕೆಲವೊಮ್ಮೆ ಗುಲಾಬಿ ಬದಲು ಬೂದುಬಣ್ಣ ಬರುತ್ತದೆ.

ತೆಂಗಿನ ಹಾಲಿಗೆ ಕೋಕಂ ನೀರು ಬೆರೆಸಿ ಮಾಡುವ ಈ ಪಾನೀಯದಲ್ಲಿ ಎರಡೂ ಹುಳಿಯ ಲೆಕ್ಕವೇ. ತೆಂಗಿನ ಹಾಲಿನ ಪಿಎಚ್ 6ರ ಆಸುಪಾಸು. ಅದರ ಪ್ರೋಟೀನು ಪಿಎಚ್ 4ರ ಸುತ್ತಮುತ್ತ ಗಡ್ಡೆಕಟ್ಟುತ್ತದೆ. ಗಟ್ಟಿ ಕೋಕಂ ನೀರನ್ನು ಒಮ್ಮೆಗೇ ಸುರಿದರೆ ಬಿದ್ದ ಜಾಗದಲ್ಲೇ ಒಡೆಯುತ್ತದೆ, ಬಿಸಿ ಮಾಡಿದರೆ ಇನ್ನೂ ಬೇಗ. ಕೋಕಂ ಕಡಿಮೆಯಾದರೆ ಒಟ್ಟು ಪಿಎಚ್ ಮೇಲೇ ಉಳಿದು ಕೆಂಪು ಮಾಸಿ ಬೂದು-ನೇರಳೆಯಾಗುತ್ತದೆ. ಒಂದು ತೆಂಗಿನಕಾಯಿಗೆ 400 ಮಿಲಿ ಉಗುರುಬೆಚ್ಚಗಿನ ನೀರು ಹಾಕಿ ಹಾಲು ತೆಗೆದು ತಣ್ಣಗೆ ಮಾಡಿ. 10–12 ಸಿಪ್ಪೆ ನೆನೆಸಿದ ಒಂದು ಲೋಟ ಕೋಕಂ ನೀರನ್ನೂ ತಣ್ಣಗೆ ಮಾಡಿ, ಹಾಲನ್ನು ಕದಡುತ್ತಲೇ ಸಣ್ಣ ಧಾರೆಯಾಗಿ ಸೇರಿಸಿ. ಬಣ್ಣ ಸಾಲದಿದ್ದರೆ ಇನ್ನಷ್ಟು ಕೋಕಂ ನೀರು, ಬಣ್ಣದ ಪುಡಿ ಅಲ್ಲ. ಬೆಳ್ಳುಳ್ಳಿ, ಹಸಿಮೆಣಸು, ಉಪ್ಪು ಕೊನೆಗೆ.

ಫ್ರಿಜ್ಜಿನಲ್ಲಿಟ್ಟು 3–4 ಗಂಟೆಯೊಳಗೆ ಬಡಿಸಿ ಮುಗಿಸಿ. ಮೇಲೆ ಕೆನೆ ಬೇರೆಯಾಗುವುದು ಸಹಜ, ಕದಡಿದರೆ ಕೂಡುತ್ತದೆ. ಮೊಸರಿನಂತೆ ಕಣಕಣವಾದದ್ದು ಮಾತ್ರ ಕೂಡುವುದಿಲ್ಲ. ಮಧ್ಯಾಹ್ನ ಉಳಿದದ್ದನ್ನು ರಾತ್ರಿ ಊಟಕ್ಕೆ ಬಡಿಸುವ ಹೋಟೆಲುಗಳಿವೆ, ಅದು ಖಂಡಿತ ಬೇಡ.

ಕೆಂಪಿಗೆ ಬೀಟ್‌ರೂಟ್ ಅಗ್ಗ. ಅದನ್ನೇ ಬಳಸಿದರೆ ತೊಂದರೆ ಏನು?

ಬೀಟ್‌ರೂಟಿನ ಕೆಂಪು ಬೀಟಾಲೈನ್, ಕೋಕಂನ ಕೆಂಪಿಗೂ ಅದಕ್ಕೂ ಸಂಬಂಧವಿಲ್ಲ. ಪಿಎಚ್ 4ರಿಂದ 6ರವರೆಗೆ ಅದು ಸುಖವಾಗಿರುತ್ತದೆ, ಹಾಗಾಗಿ ಮಜ್ಜಿಗೆ, ಲಸ್ಸಿ, ಹಾಲಿನ ಪಾನೀಯಕ್ಕೆ ಒಳ್ಳೆಯದು. ಕೋಕಂ ಆ ಜಾಗದಲ್ಲಿ ಸೋಲುತ್ತದೆ. ಆದರೆ ಬಿಸಿಗೆ ಬೀಟ್‌ರೂಟ್ ತಡೆಯುವುದಿಲ್ಲ, ಕುದಿಸುತ್ತ ಹೋದರೆ ಹಳದಿ ಬೆರೆತ ಕಂದು. ವಿಟಮಿನ್ ಸಿ ಇಲ್ಲಿ ಬಣ್ಣ ಕಾಯುತ್ತದೆ, ಕೋಕಂನಲ್ಲಿ ಕೆಡಿಸಿದ್ದಕ್ಕೆ ಇದು ಉಲ್ಟಾ. ಮಣ್ಣಿನ ವಾಸನೆ ಜಿಯೋಸ್ಮಿನ್ ಎಂಬ ವಸ್ತುವಿನದು. ಅದು ಹುಳಿಯಲ್ಲಿ ಒಡೆಯುವುದರಿಂದ ನಿಂಬೆರಸ ಹಿಂಡಿದರೆ ವಾಸನೆ ತಗ್ಗುತ್ತದೆ.

ದೊಡ್ಡ ಎಚ್ಚರಿಕೆ ಬೇರೆಯೇ ಇದೆ. ಬೀಟ್‌ರೂಟ್, ಕ್ಯಾರೆಟ್ ನೆಲದೊಳಗೆ ಬೆಳೆಯುವ, ಹುಳಿಯಿಲ್ಲದ ತರಕಾರಿಗಳು. ಪಿಎಚ್ 4.6ಕ್ಕಿಂತ ಮೇಲಿರುವ ರಸವನ್ನು ಗಾಳಿಯಾಡದಂತೆ ಬಾಟಲಿಯಲ್ಲಿ ಮುಚ್ಚಿ ಹೊರಗಿಟ್ಟರೆ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣು ಬೆಳೆದು ಪ್ರಾಣಕ್ಕೇ ಕುತ್ತು ತರುವ ವಿಷ ಉಂಟಾಗಬಹುದು. ಸಾಮಾನ್ಯ ಪಾಶ್ಚರೀಕರಣದಿಂದ ಆ ಬೀಜಾಣು ಸಾಯುವುದಿಲ್ಲ. ವಾಸನೆ, ರುಚಿಯಲ್ಲೂ ಸುಳಿವು ಸಿಗದೆ ಇರಬಹುದು. ಈ ರಸಗಳನ್ನು ಅದೇ ದಿನ ಕುಡಿಸಿ. ಬಾಟಲಿ ಮಾಡುವುದಿದ್ದರೆ ನಿಂಬೆರಸ ಅಥವಾ ಸಿಟ್ರಿಕ್ ಆಮ್ಲದಿಂದ ಪಿಎಚ್ 4ಕ್ಕಿಂತ ಕೆಳಗಿಳಿಸಿ, ಮೀಟರಿನಲ್ಲಿ ನೋಡಿ, ಫ್ರಿಜ್ಜಿನಲ್ಲಿಡಿ. ನಾಲಿಗೆಗೆ ಹುಳಿಯೆನಿಸಿತು ಎಂಬುದು ಅಳತೆಯಲ್ಲ.

ಶಂಖಪುಷ್ಪದ ನೀಲಿ ಪಾನೀಯ ಗೋವಾದ ಹೋಟೆಲುಗಳಲ್ಲಿ ಚೆನ್ನಾಗಿ ಹೋಗುತ್ತದೆ. ನಮ್ಮದು ಮಂಕಾಗಿ ಬರುತ್ತದೆ.

1ರಿಂದ 2 ಗ್ರಾಂ ಒಣ ಹೂವಿಗೆ 200 ಮಿಲಿ ನೀರು, 85 ಡಿಗ್ರಿ, 5ರಿಂದ 8 ನಿಮಿಷ. ಹೆಚ್ಚು ಹೊತ್ತು ಬಿಟ್ಟರೆ ಸೊಪ್ಪಿನ ವಾಸನೆ. ಹೂವಿನ ಹಸಿರು ತೊಟ್ಟು ತೆಗೆದು ಹಾಕಿ. ಈ ನೀಲಿಯೂ ಆಂಥೋಸಯಾನಿನ್ನೇ, ಆದರೆ ಕಣದ ರಚನೆ ಗಟ್ಟಿಯಾದದ್ದರಿಂದ ಕೋಕಂಗಿಂತ ಹೆಚ್ಚು ಬಾಳುತ್ತದೆ. ನಿಂಬೆ ಬಿದ್ದೊಡನೆ ನೇರಳೆ, ಇನ್ನಷ್ಟು ಬಿದ್ದರೆ ಗುಲಾಬಿ. ಪದರ ಪದರವಾಗಿ ತೋರಿಸಬೇಕಿದ್ದರೆ ತಳಕ್ಕೆ ಸಕ್ಕರೆ ಹಾಕಿದ ನಿಂಬೆರಸ, ಮೇಲೆ ಐಸ್, ಅದರ ಮೇಲೆ ಸಕ್ಕರೆಯಿಲ್ಲದ ನೀಲಿ ನೀರನ್ನು ಚಮಚದ ಬೆನ್ನಿನ ಮೇಲೆ ಇಳಿಬಿಡಿ. ಸಕ್ಕರೆಯಿಂದ ಭಾರವಾದ ರಸ ತಳದಲ್ಲೇ ನಿಲ್ಲುತ್ತದೆ. ಲೇಬಲ್ ಹಚ್ಚಿ ಬಾಟಲಿಯಲ್ಲಿ ಮಾರುವ ಮೊದಲು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಅನುಮತಿಯ ಪಟ್ಟಿ ನೋಡಿಕೊಳ್ಳಿ.

ಪುದೀನ, ಕೊತ್ತಂಬರಿ ಹಾಕಿದ ಮಾವಿನಕಾಯಿ ಪಾನಕ ಹಸಿರಾಗಿಯೇ ಉಳಿಯಬೇಕು.

ಉಳಿಯುವುದಿಲ್ಲ. ಹುಳಿಯಲ್ಲಿ ಪತ್ರಹರಿತ್ತಿನ ಮೆಗ್ನೀಸಿಯಂ ಕಳಚಿ ಬಣ್ಣ ಆಲಿವ್ ಕಂದಾಗುತ್ತದೆ, ಬಿಸಿ ತಾಗಿದರೆ ನಿಮಿಷಗಳಲ್ಲೇ. ಪಾನಕವನ್ನು ಬೇರೆ ಇಟ್ಟು, ಪುದೀನವನ್ನು ತಣ್ಣೀರಲ್ಲಿ ರುಬ್ಬಿ ಕೊಡುವಾಗ ಸೇರಿಸಿ. ತಿಂಗಳಾದರೂ ಗಿಳಿಹಸಿರು ಬಿಡದ ಹುಳಿ ಷರಬತ್ತು ಕಂಡರೆ ಅದಕ್ಕೆ ಬಣ್ಣ ಹಾಕಿದೆ ಎಂದೇ ತಿಳಿಯಿರಿ.

ಮೋಸಂಬಿ ರಸ ಹಿಂಡಿದ ತಕ್ಷಣ ಸಿಹಿ, ಗಂಟೆ ಕಳೆದರೆ ಕಹಿ. ಹಣ್ಣು ಕೆಟ್ಟದ್ದೇ?

ಹಣ್ಣಿನ ತಪ್ಪಲ್ಲ. ಜಾಲ್ನಾದಿಂದ ಬರುವ ಒಳ್ಳೆಯ ಮೋಸಂಬಿಯೂ ಹೀಗೇ ಮಾಡುತ್ತದೆ. ತೊಳೆಯ ಪೊರೆ, ಬಿಳಿ ಸಿಪ್ಪೆ, ಬೀಜಗಳಲ್ಲಿ ಕಹಿಯೇ ಇಲ್ಲದ ಒಂದು ಪೂರ್ವವಸ್ತು ಇರುತ್ತದೆ. ಹಣ್ಣು ಇಡಿಯಾಗಿರುವಾಗ ಅದಕ್ಕೂ ರಸದ ಹುಳಿಗೂ ಭೇಟಿಯಿಲ್ಲ. ಹಿಂಡಿದಾಗ ಎರಡೂ ಕೂಡಿ ನಿಧಾನವಾಗಿ ಲಿಮೋನಿನ್ ಆಗುತ್ತದೆ. ಲಿಮೋನಿನ್ ಸುಮಾರು 6 ಪಿಪಿಎಂ, ಅಂದರೆ ಲೀಟರಿಗೆ 6 ಮಿಲಿಗ್ರಾಂ ಇದ್ದರೂ ನಾಲಿಗೆ ಹಿಡಿಯುತ್ತದೆ. ಬಿಸಿ ಮಾಡಿದರೆ ಕಹಿ ಇನ್ನೂ ಬೇಗ. ಅದಕ್ಕೇ ಮನೆಯಲ್ಲಿ ಪಾಶ್ಚರೀಕರಿಸಿದ ಮೋಸಂಬಿ ಬಾಟಲಿ ಬಾಯಿಗಿಡಲಾಗದು.

ಬಿಳಿ ಸಿಪ್ಪೆ ಪೂರ್ತಿ ಬಿಡಿಸಿ, ನಡುವಿನ ದಿಂಡು, ಬೀಜ ತೆಗೆಯಿರಿ. ಮಿಕ್ಸಿ ಬೇಡ, ಮೆದುವಾಗಿ ಹಿಂಡಿ. ಯಂತ್ರದಲ್ಲಿ ಹಾಕಿದರೆ ಕೊನೆಗೆ ಗಟ್ಟಿಯಾಗಿ ಒತ್ತಿ ಬರುವ ರಸವನ್ನು ಬೇರೆ ಹಿಡಿಯಿರಿ, ಕಹಿಯ ಬಹುಪಾಲು ಅದರಲ್ಲೇ. ಹಿಂಡಿದ ಕೂಡಲೇ ಸೋಸಿ ನಾರು ಬೇರೆ ಮಾಡಿ, ಅರ್ಧ ಗಂಟೆಯೊಳಗೆ ಕೊಡಿ. ಪೂರ್ತಿ ಮಾಗಿದ ಹಣ್ಣಿನಲ್ಲಿ ಈ ತೊಂದರೆ ಕಡಿಮೆ. ಕಾರ್ಖಾನೆಗಳಲ್ಲಿ ರೆಸಿನ್ ಮೂಲಕ ಹಾಯಿಸಿ ಕಹಿ ತೆಗೆಯುತ್ತಾರೆ, ಸಣ್ಣವರಿಗೆ ಅದು ಕೈಗೆಟುಕುವ ಕೆಲಸವಲ್ಲ.

ಕಬ್ಬಿನ ಹಾಲು ಕಪ್ಪಾಗುವುದನ್ನು ತಡೆಯಲು?

ಅರೆದಾಗ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ಗಾಳಿ ಸಿಗುತ್ತದೆ, ಅದೇ ಕಪ್ಪಾಗಿಸುವುದು. ಪುಣೆಯ ರಸವಂತಿಗಳಲ್ಲಿ, ಅಂದರೆ ಕಬ್ಬಿನ ರಸದ ಅಂಗಡಿಗಳಲ್ಲಿ, ಶುಂಠಿ, ನಿಂಬೆ ಸೇರಿಸಿಯೇ ಅರೆಯುವುದು ರುಚಿಗಷ್ಟೇ ಅಲ್ಲ, ನಿಂಬೆಯ ಹುಳಿ ಆ ಕಿಣ್ವವನ್ನು ನಿಧಾನಗೊಳಿಸುತ್ತದೆ. ಹೆಚ್ಚು ಹೊತ್ತು ಬೇಕಿದ್ದರೆ ಸಿಪ್ಪೆ ಹೆರೆದ ತುಂಡುಗಳನ್ನು 5ರಿಂದ 10 ನಿಮಿಷ ಹಬೆಯಲ್ಲಿಟ್ಟು, ಆರಿಸಿ, ಆಮೇಲೆ ಅರೆಯಿರಿ. ಕಡಿದು ಎರಡು ದಿನ ದಾಟಿದ ಕಬ್ಬು ತೆಗೆದುಕೊಳ್ಳಬೇಡಿ. ತುದಿ ಕೆಂಪಾಗಿ ಹುಳಿವಾಸನೆ ಬಂದಿದ್ದರೆ ಲೋಳೆ ಕಟ್ಟುವ ಬ್ಯಾಕ್ಟೀರಿಯಾ ಆಗಲೇ ಸೇರಿಕೊಂಡಿದೆ. ಈ ರಸದ ಪಿಎಚ್ 5ರ ಮೇಲೆ, ಆದ್ದರಿಂದ ಬೀಟ್‌ರೂಟಿಗೆ ಹೇಳಿದ ಎಚ್ಚರಿಕೆ ಇದಕ್ಕೂ ಇದೆ.

ಐಸ್ ಬಗ್ಗೆಯೂ ಒಂದು ಮಾತು. ಮೀನು, ಸಾಗಣೆಗೆಂದು ಮಾಡುವ ತಿನ್ನಬಾರದ ಐಸಿಗೆ ನೀಲಿ ಛಾಯೆ ಇರಬೇಕೆಂದು ಮಹಾರಾಷ್ಟ್ರದಲ್ಲಿ 2018ರಲ್ಲಿ ನಿಯಮ ಬಂತು. ನೀಲಿ ಗಡ್ಡೆ ಕಂಡರೆ ರಸಕ್ಕೆ ಹಾಕಬೇಡಿ.

ಮಾವಿನ ಪಾನೀಯದಲ್ಲಿ ತಿರುಳು ಕೆಳಗೆ ಕೂತು ಮೇಲೆ ನೀರು ನಿಲ್ಲುತ್ತದೆ.

ಮಾವಿನ ಹಳದಿ ಕ್ಯಾರೊಟಿನಾಯ್ಡ್, ಅದು ನೀರಿನಲ್ಲಿ ಕರಗದೆ ತಿರುಳಿನ ಕಣಕ್ಕೇ ಅಂಟಿಕೊಂಡಿರುತ್ತದೆ. ಕಣ ಕೂತರೆ ಬಣ್ಣವೂ ಕೂತಿತು. ಕಣ ಸಣ್ಣದಾಗಬೇಕು, ನೀರು ಸ್ವಲ್ಪ ದಪ್ಪವಾಗಬೇಕು. ತಿರುಳನ್ನು ಅರ್ಧ ಮಿಲಿಮೀಟರ್ ಜರಡಿಯಲ್ಲಿ ಇಳಿಸಿ. ದಪ್ಪ ಮಾಡಲು ಪೆಕ್ಟಿನ್ ಆದರೆ ಶೇ. 0.1ರಿಂದ 0.2, ಸಿಎಂಸಿ (ಸೆಲ್ಯುಲೋಸಿನಿಂದ ಮಾಡಿದ ದಪ್ಪಕಾರಕ) ಆದರೆ ಶೇ. 0.1. ಅದರ ಹತ್ತರಷ್ಟು ಸಕ್ಕರೆಯೊಂದಿಗೆ ಒಣದಾಗಿ ಬೆರೆಸಿ, ಬಿಸಿನೀರು ಕದಡುತ್ತ ಉದುರಿಸಿ. ನೇರ ಹಾಕಿದರೆ ಗಂಟು, ಆ ಗಂಟು ಆಮೇಲೆ ಬಿಡುವುದಿಲ್ಲ.

10 ಕಿಲೋ ಪಾನೀಯಕ್ಕೆ ಒಂದು ಲೆಕ್ಕ. ಗುರಿ 13 ಬ್ರಿಕ್ಸ್, ಹುಳಿ ಶೇ. 0.3. ತಿರುಳು ಶೇ. 15, ಅಂದರೆ 1.5 ಕಿಲೋ, ಅದರ ಬ್ರಿಕ್ಸ್ 16, ಹುಳಿ ಶೇ. 0.4 ಎಂದುಕೊಳ್ಳಿ. ಒಟ್ಟು ಬೇಕಾದ ಘನಾಂಶ 1,300 ಗ್ರಾಂ, ತಿರುಳಿನಿಂದ ಬಂದದ್ದು 240. ಬೇಕಾದ ಹುಳಿ 30 ಗ್ರಾಂ, ತಿರುಳಿನಿಂದ 6, ಉಳಿದ 24 ಗ್ರಾಂ ಸಿಟ್ರಿಕ್ ಆಮ್ಲ. ಸಕ್ಕರೆ 1,300ರಿಂದ 240 ಮತ್ತು 24 ಕಳೆದು 1,036 ಗ್ರಾಂ. ನೀರು ಸುಮಾರು 7.44 ಕಿಲೋ. ದಪ್ಪಕಾರಕ ಹಾಕಿದಷ್ಟು ನೀರು ಕಡಿಮೆ ಮಾಡಿ. ಪ್ರತಿ ಲಾಟಿಗೂ ತಿರುಳನ್ನು ಅಳೆದೇ ಲೆಕ್ಕ ಹಾಕಿ. ಮೇ ಮೊದಲ ವಾರದ ಹಾಪೂಸಿಗೂ ಕೊನೆಯ ವಾರದ್ದಕ್ಕೂ ಬಹಳ ಅಂತರ.

ಎಲ್ಲವನ್ನೂ ತೂಕದಲ್ಲಿ ಅಳೆಯಿರಿ, ಲೋಟದಲ್ಲಲ್ಲ. ಕೋಕಂ ಷರಬತ್ತಿಗೂ ಅಷ್ಟೇ: 65 ಬ್ರಿಕ್ಸಿನ 1 ಕಿಲೋ ಷರಬತ್ತನ್ನು 12ಕ್ಕಿಳಿಸಲು 65ನ್ನು 12ರಿಂದ ಭಾಗಿಸಿದರೆ 5.4, ಅಂದರೆ 4.4 ಕಿಲೋ ನೀರು.

ಅನಾನಸ್ ಮಿಲ್ಕ್‌ಶೇಕ್ ಕಹಿ ಏಕೆ? ಸೀತಾಫಲದ ತಿರುಳೂ ಕಹಿಯಾಗುತ್ತದೆ.

ಎರಡಕ್ಕೂ ಕಾರಣ ಬೇರೆ ಬೇರೆ. ಅನಾನಸ್, ಪಪ್ಪಾಯಿಯಲ್ಲಿರುವ ಕಿಣ್ವಗಳು ಹಾಲಿನ ಪ್ರೋಟೀನನ್ನು ಕತ್ತರಿಸಿದಾಗ ಉಳಿಯುವ ತುಣುಕುಗಳೇ ಕಹಿ. ಅನಾನಸ್ ಹೋಳನ್ನು ಸಕ್ಕರೆಯಲ್ಲಿ ಒಂದು ಕುದಿ ಬರಿಸಿ, ಪೂರ್ತಿ ತಣ್ಣಗಾದ ಮೇಲೆ ಹಾಲಿಗೆ ಹಾಕಿ. ಸೀತಾಫಲ ಇದಕ್ಕೆ ತಿರುಗುಮುರುಗು, ಬಿಸಿಯೇ ಅದನ್ನು ಕಹಿ ಮಾಡುವುದು. ಪುರಂದರದ ಸೀತಾಫಲದ ಕಾಲದಲ್ಲಿ ತಿರುಳನ್ನು ಹಸಿಯಾಗಿಯೇ, ಬೀಜ ಅರೆಯದೆ ಬೇರ್ಪಡಿಸಿ, ಗಾಳಿ ತೆಗೆದ ಚೀಲದಲ್ಲಿ ಮೈನಸ್ 18 ಡಿಗ್ರಿಗೆ ಹಾಕಿ.

ಬಾಟಲಿ ಉಬ್ಬುತ್ತದೆ, ತೆರೆದರೆ ಶೇಂದಿ ವಾಸನೆ. ಸಕ್ಕರೆ ಬೇಕಾದಷ್ಟು ಹಾಕಿದ್ದೆವಲ್ಲ?

ಯೀಸ್ಟ್ ಹೊಕ್ಕಿದೆ. 65 ಬ್ರಿಕ್ಸಿಗೆ ಕಡಿಮೆಯಿದ್ದರೆ ಷರಬತ್ತು ಹುದುಗುತ್ತದೆ, ಇದು ಮೊದಲ ಅನುಮಾನ. ಎರಡನೆಯದು ಸೂಕ್ಷ್ಮ. ಅರೆಬಿಸಿ ಷರಬತ್ತು ತುಂಬಿ ಮುಚ್ಚಳ ಹಾಕಿದಾಗ ಆವಿ ಮುಚ್ಚಳದಡಿ ಹನಿಯಾಗಿ ಮೇಲ್ಮೈಗೆ ಬೀಳುತ್ತದೆ. ಕೆಳಗೆ 66 ಇದ್ದರೂ ಮೇಲಿನ ತೆಳು ಪದರದಲ್ಲಿ ಬ್ರಿಕ್ಸ್ ಇಳಿದಿರುತ್ತದೆ, ಯೀಸ್ಟು, ಬೂಸ್ಟು ಅಲ್ಲಿಂದಲೇ ಶುರು. ಮುಂಬೈಯ ಮಳೆಗಾಲದಲ್ಲಿ ಒದ್ದೆ ಬಾಟಲಿಯ ತಳದಲ್ಲಿ ಉಳಿದ ನೀರೂ ಇದೇ ಕೆಲಸ ಮಾಡುತ್ತದೆ. ತುಂಬುವುದಿದ್ದರೆ ಪೂರ್ತಿ ತಣ್ಣಗೆ ತುಂಬಿ, ಇಲ್ಲವೇ 85 ಡಿಗ್ರಿಯಲ್ಲಿ ತುಂಬಿ, ಮುಚ್ಚಿ, 3 ನಿಮಿಷ ಬೋರಲು ಹಾಕಿ. ನಡುವಿನ ದಾರಿ ಬೇಡ. ಮಾಮೂಲಿ ಪೆಟ್ ಬಾಟಲಿ 70 ಡಿಗ್ರಿಗೇ ಮುದುಡುತ್ತದೆ, ಬಿಸಿ ತುಂಬಲು ಗಾಜು ಅಥವಾ ಬಿಸಿ ತಡೆಯುವ ಪೆಟ್ ಬೇಕು.

ನೀರು ಬೆರೆಸದೆ ಹಾಗೇ ಕುಡಿಯುವ 12 ಬ್ರಿಕ್ಸಿನ ಪಾನೀಯವನ್ನು ಪಾಶ್ಚರೀಕರಿಸಲೇಬೇಕು. ಪಿಎಚ್ 4ರೊಳಗಿನ 200 ಮಿಲಿ ಗಾಜಿನ ಬಾಟಲಿಗಳನ್ನು ತಳಕ್ಕೆ ಬಟ್ಟೆ ಹಾಸಿದ ಪಾತ್ರೆಯಲ್ಲಿ 85–90 ಡಿಗ್ರಿ ನೀರಿನಲ್ಲಿ 25 ನಿಮಿಷ ಇಡಿ. ಒಂದು ಬಾಟಲಿಯ ನಡುವೆ ಥರ್ಮಾಮೀಟರ್ ಇಟ್ಟು ಒಳಗಿನ ರಸ 80 ದಾಟಿದೆಯೇ ನೋಡಿ. ಮೊದಲು ಬೆಚ್ಚನೆಯ ನೀರಿಗೆ, ಆಮೇಲೆ ತಣ್ಣೀರಿಗೆ. ನೇರ ತಣ್ಣೀರಿಗೆ ಹಾಕಿದರೆ ಗಾಜು ಸೀಳುತ್ತದೆ. ಬಿಸಿಯಲ್ಲೇ ಬಿಟ್ಟರೆ ಬಣ್ಣ ಹೋಗುತ್ತದೆ, ಆದ್ದರಿಂದ ತಣಿಸುವುದು ಬೇಗ ಆಗಲಿ.

ಸಂರಕ್ಷಕ ಯಾವುದು, ಎಷ್ಟು?

ಕೆಂಪು ರಸಗಳಿಗೆ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಹಾಕಲೇಬೇಡಿ. ಅದರಿಂದ ಹೊರಡುವ ಗಂಧಕದ ಡೈಆಕ್ಸೈಡ್ ಆಂಥೋಸಯಾನಿನ್ ಬಣ್ಣವನ್ನು ಬಿಳಿಚುತ್ತದೆ. ಕೋಕಂ, ನೇರಳೆ, ದಾಳಿಂಬೆಗೆ ಸೋಡಿಯಂ ಬೆಂಜೋಯೇಟ್, ನಿಂಬೆ, ಮಾವಿನ ಸ್ಕ್ವಾಷ್‌ಗೆ ಕೆಎಂಎಸ್ ಎನ್ನುವುದು ರೂಢಿಯ ಹಂಚಿಕೆ. 1955ರ ಹಣ್ಣಿನ ಉತ್ಪನ್ನಗಳ ಆದೇಶ, ಅಂದರೆ ಎಫ್‌ಪಿಒ ಕಾಲದಿಂದ ಸ್ಕ್ವಾಷ್, ಸಿರಪ್ಪುಗಳಿಗೆ ಬೆಂಜೋಯಿಕ್ ಆಮ್ಲ 600 ಪಿಪಿಎಂ, ಗಂಧಕದ ಡೈಆಕ್ಸೈಡ್ 350 ಪಿಪಿಎಂ ಎಂಬ ಮಿತಿ ಬಳಕೆಯಲ್ಲಿ ಬಂದಿದೆ. ನಿಮ್ಮ ಮಾಲು ಯಾವ ವರ್ಗಕ್ಕೆ ಸೇರುತ್ತದೆ, ಅದಕ್ಕೆ ಈಗಿನ ಮಿತಿ ಎಷ್ಟು ಎಂಬುದನ್ನು ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ನೋಡಿಯೇ ಹಾಕಿ. ತೂಕದ ಲೆಕ್ಕ: 600 ಪಿಪಿಎಂ ಬೆಂಜೋಯಿಕ್ ಆಮ್ಲ ಬೇಕಿದ್ದರೆ ಕಿಲೋಗೆ ಸೋಡಿಯಂ ಬೆಂಜೋಯೇಟ್ 0.7 ಗ್ರಾಂ. 350 ಪಿಪಿಎಂಗೆ ಕೆಎಂಎಸ್ 0.6 ಗ್ರಾಂ.

ಬೆಂಜೋಯೇಟನ್ನು ಮೊದಲು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ, ಕದಡುತ್ತ ಸೇರಿಸಿ. ಹುಳಿಗೆ ನೇರ ಸುರಿದರೆ ಬೆಂಜೋಯಿಕ್ ಆಮ್ಲ ಹರಳಾಗಿ ತಳಕ್ಕಿಳಿಯುತ್ತದೆ, ಕೆಲಸಕ್ಕೆ ಬರುವುದಿಲ್ಲ. ನೆಲ್ಲಿಕಾಯಿಯಂಥ ವಿಟಮಿನ್ ಸಿ ಹೆಚ್ಚಿರುವ ರಸಕ್ಕೆ ಬೆಂಜೋಯೇಟ್ ಬೇಡ, ಬಿಸಿಲು, ಬಿಸಿಯಲ್ಲಿ ಎರಡೂ ಸೇರಿ ಅತಿ ಸಣ್ಣ ಪ್ರಮಾಣದಲ್ಲಿ ಬೆಂಜೀನ್ ಹುಟ್ಟಬಹುದು. ಕೆಎಂಎಸ್ ಹಾಕಿದ್ದನ್ನು ಲೇಬಲ್ಲಿನಲ್ಲಿ ಕಾಣಿಸಿ, ಅಸ್ತಮಾ ಇದ್ದವರಿಗೆ ಅದು ಆಗದಿರಬಹುದು. ಎರಡು ವಾರದಲ್ಲಿ ಖಾಲಿಯಾಗುವ ಮಾಲಾದರೆ ಇದಾವುದೂ ಬೇಡ, ಫ್ರಿಜ್ಜೇ ಸಾಕು.

ಹುಳಿ ಅಳೆಯುವುದು ಹೇಗೆ? ಸಲಕರಣೆ ಏನೇನು?

ಒಂದು ಪಿಎಚ್ ಮೀಟರ್, 0–32 ಮತ್ತು 58–90ರ ಎರಡು ಕೈ ರಿಫ್ರಾಕ್ಟೋಮೀಟರ್, ಥರ್ಮಾಮೀಟರ್, 0.1 ಗ್ರಾಂ ತೋರಿಸುವ ತಕ್ಕಡಿ. ಮುಂಬೈಯಲ್ಲಾದರೆ ಪ್ರಿನ್ಸೆಸ್ ಸ್ಟ್ರೀಟಿನ ಲ್ಯಾಬ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಪಿಎಚ್ ಮೀಟರನ್ನು ಬಳಸುವ ದಿನ 7 ಮತ್ತು 4ರ ಬಫರಿನಲ್ಲಿ ಸರಿಹೊಂದಿಸಿ, ತುದಿಯನ್ನು ಒಣಗಲು ಬಿಡಬೇಡಿ. ರಿಫ್ರಾಕ್ಟೋಮೀಟರ್ 20 ಡಿಗ್ರಿಯ ಲೆಕ್ಕದ್ದು. ಉಷ್ಣತೆ ತಾನೇ ಸರಿಪಡಿಸದ ಮೀಟರಾದರೆ 30 ಡಿಗ್ರಿಯಲ್ಲಿ ಸುಮಾರು 0.8 ಕೂಡಿಸಬೇಕು.

ಹುಳಿಯ ಶೇಕಡಾಕ್ಕೆ: 10 ಮಿಲಿ ರಸ, 100 ಮಿಲಿ ಬಟ್ಟಿ ಇಳಿಸಿದ ನೀರು, ಎರಡು ಹನಿ ಫಿನಾಫ್ತಲೀನ್ (ಹುಳಿ ತೀರಿದಾಗ ಗುಲಾಬಿಯಾಗುವ ಸೂಚಕ). 0.1 ನಾರ್ಮಲ್ ಕಾಸ್ಟಿಕ್ ಸೋಡಾ ದ್ರಾವಣವನ್ನು ತಿಳಿಗುಲಾಬಿ ನಿಲ್ಲುವವರೆಗೆ ಬಿಡಿ. ಬಿದ್ದ ಮಿಲಿಯನ್ನು 0.064ರಿಂದ ಗುಣಿಸಿದರೆ ಸಿಟ್ರಿಕ್ ಆಮ್ಲದ ಲೆಕ್ಕದಲ್ಲಿ ಶೇಕಡಾ ಹುಳಿ. 4.7 ಮಿಲಿ ಬಿದ್ದರೆ 0.30. ಕೋಕಂನಲ್ಲಿ ಈ ಗುಲಾಬಿ ಕಾಣುವುದಿಲ್ಲ, ಅದರ ಸ್ವಂತ ಬಣ್ಣವೇ ಬೇಗ ಬದಲಾಗಿ ದಾರಿ ತಪ್ಪಿಸುತ್ತದೆ. ಅಲ್ಲಿ ಪಿಎಚ್ ಮೀಟರ್ 8.1 ತೋರಿಸುವವರೆಗೆ ಬಿಡಿ.

ಅದೇ ಷರಬತ್ತು, ಅದೇ ಅಳತೆ. ಒಂದು ಶಾಖೆಯಲ್ಲಿ ಕೆಂಪು, ಇನ್ನೊಂದರಲ್ಲಿ ಮಂಕು.

ನೀರು ನೋಡಿ. ಟ್ಯಾಂಕರಿನ, ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಹುಳಿಯನ್ನು ತಿಂದುಹಾಕುತ್ತದೆ. ಕೆಮ್ಮಣ್ಣಿನ ಬಾವಿ ನೀರಿನಲ್ಲಿ ಕಬ್ಬಿಣವಿದ್ದರೆ ಬಣ್ಣ ಕಪ್ಪೇರುತ್ತದೆ. ನಲ್ಲಿ ನೀರಿನ ಕ್ಲೋರಿನ್ ಬಣ್ಣ, ಪರಿಮಳ ಎರಡನ್ನೂ ತೆಗೆಯುತ್ತದೆ. ಎರಡು ಶಾಖೆಯ ನೀರು, ಒಂದು ಲೋಟ ಬಟ್ಟಿ ಇಳಿಸಿದ ನೀರು ಪಕ್ಕಪಕ್ಕ ಇಟ್ಟು ಒಂದೇ ತೂಕದ ಷರಬತ್ತು ಕದಡಿ ಹತ್ತು ನಿಮಿಷ ಬಿಟ್ಟು ನೋಡಿ, ಕಾರಣ ಕಣ್ಣಿಗೇ ಕಾಣುತ್ತದೆ. ಕಾರ್ಬನ್ ಫಿಲ್ಟರ್ ಕ್ಲೋರಿನ್ನಿಗೆ ಸಾಕು, ಗಡಸುತನಕ್ಕೆ ಆರ್‌ಒ ಬೇಕು.

ಲೇಬಲ್ಲಿನಲ್ಲಿ ಏನು ಬರೆಯಬಾರದು?

ಮಾರುವುದಿದ್ದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಇಲ್ಲದೆ ಹೊರಡಬೇಡಿ. ಸಾಂದ್ರ ರಸಕ್ಕೆ ನೀರು ಸೇರಿಸಿ ಮಾಡಿದ್ದನ್ನು ‘ಶೇ. 100 ಹಣ್ಣಿನ ರಸ’ ಎಂದು ಬರೆಯಬಾರದೆಂದು 2024ರ ಜೂನ್‌ನಲ್ಲಿ ಎಫ್‌ಎಸ್‌ಎಸ್‌ಎಐ ಸೂಚಿಸಿದೆ. ಕೋಕಂ ತೂಕ ಇಳಿಸುತ್ತದೆ, ಪಿತ್ತ ಗುಣಪಡಿಸುತ್ತದೆ ಎಂಬ ಮಾತುಗಳೂ ಬೇಡ. ಸಿಂಧುದುರ್ಗ–ರತ್ನಾಗಿರಿ ಕೋಕಂಗೆ ಭೌಗೋಳಿಕ ಗುರುತು (ಜಿಐ) ಇದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಆ ಗುರುತನ್ನು ಬಾಟಲಿಗೆ ಹಾಕುವಂತಿಲ್ಲ, ಶಿರಸಿಯಿಂದ ತರಿಸಿದ ಸಿಪ್ಪೆಗಂತೂ ಸಲ್ಲದು.

ಬೇಸಿಗೆಯಲ್ಲಿ ಪುಣೆಯಿಂದ ಊರಿಗೆ ಬಸ್ಸಿನಲ್ಲಿ ಷರಬತ್ತು ಕಳಿಸಬಹುದೇ?

65 ಬ್ರಿಕ್ಸ್ ದಾಟಿದ್ದಾದರೆ ಕಳಿಸಬಹುದು. ರಾತ್ರಿ ಬಸ್ಸು ಹಿಡಿಯಿರಿ, ಬಾಟಲಿಗೆ ಕಾಗದ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ಎಂಜಿನ್ ಬದಿಯ ಡಿಕ್ಕಿ ಬೇಡವೆಂದು ಹೇಳಿ. ತಲುಪಿದ ಮೇಲೆ ಫ್ರಿಜ್ಜಿಗೆ. ನೀರು ಬೆರೆಸಿದ ರಸವನ್ನು ಮಾತ್ರ ಕಳಿಸಬೇಡಿ.